ಹದಿನಾಲ್ಕು ಮೆಟ್ಟಿಲಿನ ಎರ್ಫುರ್ಟ್

ಆ ಮಂಗಳವಾರವೂ ನನ್ನ ಗಂಡ ಬೆಳಗ್ಗೆ ಐದೂವರೆಗೇ ಹೊರಟಿದ್ದರು. ದುಬೈಯ ಮಿರ್ದಿಫ್‌ನಿಂದ ಅಬುಧಾಬಿಯ ಬನಿಯಾಸ್‌ಗೆ ನಾಲ್ವರು ಸೇರಿ ಒಂದೇ ಕಾರಿನಲ್ಲಿ ಹೋಗುತ್ತಿದ್ದ ಕಾಲ ಅದು. ಕಾರಿನವರು ಹಾರನ್ ಹೊಡೆಯುತ್ತಿರಲಿಲ್ಲ, ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಅದು ಬಂದ ಮೇಲೆಯೇ ಇವರಿಗೆ ಕಾಲುಚೀಲದ ಜೊತೆಯಲ್ಲಿ ಇನ್ನೊಂದು ಎಲ್ಲಿದೆ ಎಂಬ ಪ್ರಶ್ನೆ ಹುಟ್ಟುತ್ತಿತ್ತು. ಇವರು ಹೋದ ಮೇಲೆ ಮಗಳ ಜಡೆ. ಎರಡು ಜಡೆ, ಎರಡು ರಿಬ್ಬನ್, ನಡುವೆ ಎರಡು ಸಲ "ಮಮ್ಮಾ, ಟೂ ಟೈಟ್". ಆರೂ ಇಪ್ಪತ್ತಕ್ಕೆ ಸ್ಕೂಲ್ ಬಸ್ಸು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾನು ಹಿಂಬಾಗಿಲ ಮೆಟ್ಟಿಲಿನಲ್ಲಿ ಕುಳಿತು ಎರಡನೇ ಲೋಟ ಚಹಾ ಕುಡಿಯುತ್ತಿದ್ದೆ, ಜೊತೆಗೆ ಕಾವಲಿಯಲ್ಲೇ ಹರಿದುಹೋದ ನೀರುದೋಸೆಗಳು. ಚೆಂದದವು ಅವರಿಬ್ಬರ ಡಬ್ಬಿಗೆ, ಹರಿದವು ನನಗೆ. ಇಡೀ ದಿನದಲ್ಲಿ ನನ್ನನ್ನು ಯಾರೂ ಕರೆಯದ ಹದಿನೈದು ನಿಮಿಷ ಎಂದರೆ ಅದೊಂದೇ.

ಆ ದಿನ ಮೂರನೇ ಹರಿದ ದೋಸೆಯಲ್ಲಿದ್ದಾಗ ಪಕ್ಕದ ಮನೆಯ ಜರ್ಮನ್ ಅಜ್ಜಿ ಬಂದರು. ನಮ್ಮ ಕಂಪೌಂಡಿನಲ್ಲಿ ಆರು ಮನೆ, ನಡುವೆ ಇಂಟರ್‌ಲಾಕ್ ಹಾಸಿದ ಒಂದು ಅಂಗಳ. ಪಕ್ಕದ ಮನೆಯ ಇಂಜಿನಿಯರನ ತಾಯಿ ಇವರು, ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳಾಗುತ್ತಾ ಬಂದಿತ್ತು. ಮರುದಿನ ಮಧ್ಯಾಹ್ನ ಅವರ ವಿಮಾನ. ಅವರ ಭಾಷೆಯಲ್ಲಿ ಅಜ್ಜಿಗೆ ಓಮಾ ಎನ್ನುತ್ತಾರೆ. ನಮಗೆಲ್ಲರಿಗೂ ಅವರು ಓಮಾ. ಫೋನ್ ಮಾಡದೆ ಎಂದೂ ಬಾರದವರು ಅಂದು ಹಾಗೆಯೇ ಬಂದು ನಿಂತಿದ್ದರು. ಮೊಣಕೈವರೆಗೆ ಮೈದಾ ಹಿಟ್ಟು. ಕೈಯಲ್ಲಿದ್ದ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿದ್ದದ್ದು ಜರ್ಮನ್, ಓದಲು ನನಗೆ ಬಾರದು.

"ಮಕ್ಕಳು ಬರುವುದಿಲ್ಲ," ಎಂದರು ತಮ್ಮ ಎಣಿಸಿ ಇಟ್ಟ ಇಂಗ್ಲಿಷಿನಲ್ಲಿ. "ಬರಬೇಕಿದ್ದ ಎರಡು ಜರ್ಮನ್ ಮನೆಯವರಿಗೂ ಜ್ವರ. ಹಿಟ್ಟು ಉಬ್ಬುತ್ತಾ ಇದೆ. ಮಕ್ಕಳಿಲ್ಲ."

ಇಷ್ಟಕ್ಕೆ ಯಾಕೆ ಆ ಮುಖ ಹಾಗಾಯಿತು ಎಂಬುದು ನನಗೆ ಗೊತ್ತಿತ್ತು, ಮೂರು ತಿಂಗಳು ಅವರ ಕಥೆ ಕೇಳಿದವಳು ನಾನೇ ತಾನೆ. ಜರ್ಮನಿಯ ನಟ್ಟನಡುವೆ ಎರ್ಫುರ್ಟ್ ಎಂಬ ಹಳೆಯ ಊರು ಅವರದು. ಆ ಊರನ್ನು ಅವರು ನನಗೆ ತೋರಿಸಿದ್ದು ನನ್ನದೇ ಅಡುಗೆಮನೆಯ ಕಟ್ಟೆಯ ಮೇಲೆ, ಚೆಲ್ಲಿದ ಮೈದಾದಲ್ಲಿ ಬೆರಳಾಡಿಸಿ. ಇಲ್ಲಿ ನದಿ. ನದಿಯ ಮೇಲೆ ಸೇತುವೆ. ಸೇತುವೆಯ ಎರಡೂ ಬದಿಗೆ ಸಾಲಾಗಿ ಮನೆ, ಅಂಗಡಿ, ಆ ಮನೆಗಳಲ್ಲಿ ಜನ. ಹೊಸಬರು ಆಚೆ ದಡಕ್ಕೆ ನಡೆದು ಹೋಗಿ, ಸೇತುವೆ ಎಲ್ಲಿದೆ ಎಂದು ವಿಚಾರಿಸುತ್ತಾರಂತೆ, ನೀರೇ ಕಾಣುವುದಿಲ್ಲವಲ್ಲ. ಹಿಂದೆ ಒಂದು ಗಿಡದ ಎಲೆಯಿಂದ ನೀಲಿ ಬಣ್ಣ ತೆಗೆದು ಶ್ರೀಮಂತವಾದ ಊರಂತೆ. ಅಲ್ಲಿ ಹುಟ್ಟಿದವರಿಗೆ ಒಂದು ಜಾತಿಯ ದಪ್ಪ ಅವರೆಯ ಹೆಸರನ್ನೇ ಅಡ್ಡಹೆಸರಾಗಿ ಇಟ್ಟಿದ್ದಾರಂತೆ. ಇದನ್ನು ಕೇಳಿ ಎದುರು ಮನೆಯ ಮೈಸೂರಿನಾಕೆ, "ಅಯ್ಯೋ, ಈ ಅಜ್ಜಿ ನಮ್ಮೂರಲ್ಲಿ ಹುಟ್ಟಬೇಕಿತ್ತು ಕಣ್ರೀ," ಎಂದಿದ್ದಳು. ಊರ ಒಂದು ಬದಿಗೆ ದಿಬ್ಬ, ದಿಬ್ಬದ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತ ಎರಡು ದೊಡ್ಡ ಇಗರ್ಜಿ. ಅಲ್ಲಿಗೆ ಏರಲು ಎಪ್ಪತ್ತು ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ದೊಡ್ಡ ಮೈದಾನ.

ನವೆಂಬರ್ ಹತ್ತರ ಸಂಜೆ ಊರಿನ ಮಕ್ಕಳೆಲ್ಲ ಕಾಗದದ ಲಾಟೀನು ಹಿಡಿದು ಆ ಮೈದಾನಕ್ಕೆ ಬರುತ್ತಾರೆ. ಯಾಕೆ ಎಂದರೆ ಎರಡು ಉತ್ತರ. ಕಥೋಲಿಕರು ಬರುವುದು ಒಬ್ಬ ಸಂತರಿಗಾಗಿ. ಕುದುರೆ ಮೇಲೆ ಕೂತು ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ, ಅರ್ಧವನ್ನು ಚಳಿಯಲ್ಲಿದ್ದ ಭಿಕ್ಷುಕನಿಗೆ ಕೊಟ್ಟವರು. ಅವರ ಹಬ್ಬ ಹನ್ನೊಂದಕ್ಕೆ. ಇನ್ನರ್ಧ ಊರಿನವರು ಬರುವುದು ಅದೇ ಊರಿನ ಮಠದಲ್ಲಿದ್ದು, ಆಮೇಲೆ ಪೋಪರ ಮೇಲೆ ಜಗಳ ಕಾದು ಇಗರ್ಜಿಯನ್ನೇ ಎರಡು ಮಾಡಿದ ಸನ್ಯಾಸಿಗಾಗಿ. ಅವನ ಹುಟ್ಟುಹಬ್ಬ ಹತ್ತಕ್ಕೆ. ಇಬ್ಬರಿಗೂ ಸೇರಿ ಒಂದೇ ಸಂಜೆ, ಒಂದೇ ಮೈದಾನ, ಒಂದೇ ಎಣ್ಣೆ ಬತ್ತಿ. ಓಮಾ ಸನ್ಯಾಸಿಯ ಕಡೆಯವರು. ಅವರ ಗಂಡ ಸಂತರ ಕಡೆಯವರು. ಇಬ್ಬರೂ ಮೊದಲು ಮಾತಾಡಿದ್ದು ಆ ಮೆಟ್ಟಿಲ ಮೇಲೆ, ಒಬ್ಬರ ಲಾಟೀನು ಇನ್ನೊಬ್ಬರ ಲಾಟೀನಿಗೆ ತಾಗಿ ಹೊತ್ತಿಕೊಂಡಾಗ. ಗಂಡ ತೀರಿಹೋಗಿ ಆಗ ಎರಡು ವರ್ಷ. ಒಂದು ವರ್ಷವೂ ತಪ್ಪಿಸದ ಆ ಸಂಜೆಯನ್ನು ಈ ಸಲ ನಾಲ್ಕು ವರ್ಷದ ಮೊಮ್ಮಗಳ ಕೈ ಹಿಡಿದು ನಮ್ಮ ಅಂಗಳದಲ್ಲಿ ನಡೆಸುವುದೆಂದು ಅವರು ತಿಂಗಳಿನಿಂದ ಆ ಮಗುವಿಗೆ ಹೇಳುತ್ತಾ ಬಂದಿದ್ದರು.

"ಒಂದೇ ಮಗು ನಡೆದರೆ ಅದು ಮೆರವಣಿಗೆ ಅಲ್ಲ," ಎಂದರು ಓಮಾ. "ಕರೆಂಟು ಹೋದಾಗ ಬಚ್ಚಲಿಗೆ ಹೋದ ಹಾಗೆ."

"ಹತ್ತು ಮಕ್ಕಳನ್ನು ತರುತ್ತೇನೆ," ಎಂದುಬಿಟ್ಟೆ. ಬಾಯಲ್ಲಿ ಇನ್ನೂ ದೋಸೆ ಇತ್ತು.

ಮಾತು ಕೊಟ್ಟ ಮೇಲೆ ತಲೆಗೆ ಹೋಯಿತು: ಅಂದು ಮಂಗಳವಾರ. ಮಂಗಳವಾರ ಸಂಜೆ ಈ ಸುತ್ತಿನ ನಮ್ಮ ಕಥೋಲಿಕರ ಮಕ್ಕಳೆಲ್ಲ ಮೂರನೇ ಮನೆಯ ಬಾಯಿಯ ಹಾಲ್‌ನಲ್ಲಿ ಕ್ಯಾಟೆಕಿಸಂ ಕ್ಲಾಸಿಗೆ, ಅಂದರೆ ಧರ್ಮಪಾಠಕ್ಕೆ, ಕೂರುತ್ತಾರೆ. ನಮ್ಮ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತೇವೆ. ಈ ಬಾಯಿ ಮೂವತ್ತು ವರ್ಷ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದ ಮೇಲೂ ಎದುರಿನವರನ್ನು ನರ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಹಾಗೆಯೇ ನೋಡುತ್ತಿದ್ದರು. ಒಂಬತ್ತು ಮಕ್ಕಳು ಅವರ ಮುಷ್ಟಿಯಲ್ಲಿ, ನನ್ನ ಮಗಳೂ ಸೇರಿ. ಪೋಪರೊಡನೆ ಜಗಳವಾಡಿದವನ ಬರ್ತ್‌ಡೇಗೆ ಮಕ್ಕಳನ್ನು ಕಳಿಸಿ ಎಂದು ಅವರ ಮುಂದೆ ನಿಂತು ಕೇಳುವ ಹೆಂಗಸು ಮಂಗಳೂರಿನಿಂದ ಕಾಸರಗೋಡಿನವರೆಗೆ ಹುಟ್ಟಿರಲಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಮಾರಲ್ ಸೈನ್ಸ್ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, ಅರ್ಧ ಸತ್ಯ ಹೇಳುವವಳು ಇಡೀ ಸುಳ್ಳು ಹೇಳಲು ಧೈರ್ಯ ಸಾಲದವಳು ಎಂದು. ನನ್ನ ಧೈರ್ಯದ ಅಳತೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಗಂಟೆಗೆ ನಾನು ಬಂಗುಡೆ ಪುಳಿಮುಂಚಿಯ ಡಬ್ಬಿ ಹಿಡಿದು ಬಾಯಿಯ ಬಾಗಿಲು ತಟ್ಟಿದೆ.

ಬಾಯಿ ಮುಚ್ಚಳ ತೆಗೆದು ನೋಡಿದರು. "ಎಂಥ ಆಗ್ಬೇಕು ನಿನಗೆ?"

"ಎಂಥದೂ ಇಲ್ಲ ಬಾಯಿ. ಮೀನು ಸ್ವಲ್ಪ ಜಾಸ್ತಿ ಆಯ್ತು."

"ಜಾಸ್ತಿ ಆದ್ರೆ ಬಾಲದ ತುಂಡು ಕೊಡ್ತಾರೆ. ನೀನು ಮೊಟ್ಟೆ ಇರುವ ಮೀನು ಆರಿಸಿ ತಂದಿದ್ದಿ. ಕೂತ್ಕೊ, ಹೇಳು."

ಕುಳಿತು ಹೇಳಿದೆ. ಸಂತರು, ಕುದುರೆ, ಮೇಲಂಗಿ, ಭಿಕ್ಷುಕ, ಎಪ್ಪತ್ತು ಮೆಟ್ಟಿಲು, ಲಾಟೀನು, ನಾಳೆ ಹೊರಡುವ ಅಜ್ಜಿ, ಆಸೆಯಿಂದ ಕಾದಿರುವ ಮಗು. ಸನ್ಯಾಸಿಯನ್ನು ಮಾತ್ರ ಮಠದಲ್ಲಿಯೇ ಬಿಟ್ಟೆ. ಬಾಯಿ ಕೇಳುತ್ತಾ ಗೋಡೆಯಲ್ಲಿದ್ದ ಇಗರ್ಜಿಯ ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸಿದರು.

"ಆ ಸಂತರ ಹಬ್ಬ ಹನ್ನೊಂದಕ್ಕೆ. ಇವತ್ತು ಹತ್ತು."

"ಅವರ ಊರಲ್ಲಿ ಹಿಂದಿನ ದಿನ ಸಂಜೆಯೇ ಅಂತೆ ಬಾಯಿ. ನಮ್ಮಲ್ಲಿ ಹಬ್ಬದ ಮುನ್ನಾದಿನ ಪ್ರಾರ್ಥನೆ ಇಲ್ವಾ, ಹಾಗೆ."

"ಹಾಗಾ." ಅವರು ಡಬ್ಬಿಯ ಮುಚ್ಚಳ ಹಾಕಿದರು. "ಆ ಅಜ್ಜಿ ನಮ್ಮವರಾ?"

"ಅವರ ಗಂಡ ನಮ್ಮವರೇ."

"ನಾನು ಗಂಡನ ಸುದ್ದಿ ಕೇಳ್ಲಿಲ್ಲ. ಮೂರು ತಿಂಗಳಲ್ಲಿ ಒಂದು ಶುಕ್ರವಾರವೂ ಅವರನ್ನು ಪೂಜೆಯಲ್ಲಿ ಕಾಣ್ಲಿಲ್ಲ ನಾನು." ಆಗ ಇಲ್ಲಿ ವಾರದ ರಜೆ ಶುಕ್ರವಾರ, ಎಲ್ಲರೂ ಇಗರ್ಜಿಗೆ ಹೋಗುವುದೂ ಅಂದೇ.

"ಮಂಡಿ ನೋವು ಬಾಯಿ."

ಇದು ಅರ್ಧದ್ದಲ್ಲ, ಪೂರ್ತಿ ಸುಳ್ಳು. ನನ್ನ ನಾಲಿಗೆಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು.

"ಪಾಪ," ಎಂದರು ಬಾಯಿ. "ಎಪ್ಪತ್ತು ಮೆಟ್ಟಿಲು ಹತ್ತಿದ ಮಂಡಿ ಅಲ್ವಾ." ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಟೀಪಾಯಿಯ ಮೇಲೆ ಮಗ ಕೊಡಿಸಿದ ಟ್ಯಾಬ್ ಇತ್ತು. ಅದಕ್ಕೆ ಕ್ರೋಶಾದ ಹೊದಿಕೆ ಹಾಕಿ, ಅದರ ಮೇಲೆ ಕನ್ನಡಕ ಇಟ್ಟಿದ್ದರು. "ಕ್ಲಾಸು ಐದೂವರೆಗೆ. ಆರಕ್ಕೆ ಬಿಡ್ತೇನೆ. ನಾನೂ ಬರ್ತೇನೆ."

ಮಕ್ಕಳು ಸಿಕ್ಕಿದರು ಎಂದು ಹಿಗ್ಗಬೇಕಿದ್ದವಳು 'ನಾನೂ' ಎಂಬುದೊಂದನ್ನೇ ಮೆಲುಕು ಹಾಕುತ್ತಾ ಚಪ್ಪಲಿ ಮೆಟ್ಟಿದೆ.

ಹೊರಗೆ ಬಂದರೆ ಗೇಟಿನ ಬಳಿ ನಾತೂರ್. ಇಲ್ಲಿ ವಾಚ್‌ಮನ್‌ಗೆ ಎಲ್ಲರೂ ಹಾಗೆಯೇ ಎನ್ನುವುದು. ಪೇಶಾವರದ ಕಡೆಯ ಎತ್ತರದ ಮನುಷ್ಯ, ಗಡ್ಡಕ್ಕೆ ಮೆಹಂದಿ. ಅಂಗಳದಲ್ಲಿ ಏನೂ ಕಾರ್ಯಕ್ರಮ ಮಾಡಬಾರದು, ಮಕ್ಕಳ ಬರ್ತ್‌ಡೇ ಆದರೆ ಎಂಟು ಗಂಟೆಯವರೆಗೆ ಮಾಫಿ ಮುಷ್ಕಿಲ್, ತೊಂದರೆಯಿಲ್ಲ ಎಂಬುದು ಮನೆ ಮಾಲೀಕರ ಕಟ್ಟಪ್ಪಣೆ; ಅದನ್ನು ಕಾಯುವವನು ಇವನು. ಓಮಾ ಆಗಲೇ ಮೇಜು ಹೊರಗೆ ತಂದಿಟ್ಟಿದ್ದರು.

"ಭಾಭಿ, ಏ ಕ್ಯಾ ಹೈ?"

"ಬರ್ತ್‌ಡೇ," ಎಂದೆ. ಅದೂ ಸತ್ಯವೇ ಅಲ್ಲವೇ? ಉಳಿದ ಅರ್ಧ ಹೇಗೂ ಕೈಯಲ್ಲೇ ಇತ್ತು.

"ಕೌನ್ಸಾ ಬಚ್ಚಾ?"

"ಬಚ್ಚಾ ನಹೀ. ಒಬ್ಬರು ಬುಜುರ್ಗ್. ಅಜ್ಜಿಯ ಊರಿನವರು."

ಹಿರಿಯರು ಎಂದದ್ದೇ ಅವನ ನಿಲುವು ಬದಲಾಯಿತು. "ಬಹುತ್ ಬುಜುರ್ಗ್?"

"ಬಹುತ್," ಎಂದೆ. ಐನೂರು ವರ್ಷದ ಮೇಲಾಯಿತು ಎಂದು ಬಿಡಿಸಿ ಹೇಳುವ ಅಗತ್ಯ ಕಾಣಲಿಲ್ಲ. ಅವನು ಎದೆಗೆ ಕೈ ಇಟ್ಟು, ದೇವರು ಅವರಿಗೆ ಇನ್ನೂ ಆಯುಸ್ಸು ಕೊಡಲಿ ಎಂದ. ನಾನು ಬೇಗ ಬೇಗ ಒಳಗೆ ಹೋದೆ.

ಇಲ್ಲಿ ಮೀನು ಕೊಟ್ಟು ಸಂತರನ್ನು ಮಾರಿದೆ, ಅಲ್ಲಿ ಪುಕ್ಕಟೆ ಸನ್ಯಾಸಿಯನ್ನು ಕೊಟ್ಟೆ. ಸಂತರೂ ಮೇಲಂಗಿಯನ್ನು ಅರ್ಧವೇ ಅಲ್ಲವೇ ಕೊಟ್ಟದ್ದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಲಾಟೀನಿನ ಕೆಲಸಕ್ಕೆ ಇಳಿದೆ.

ಅದು ದೀಪಾವಳಿಯ ವಾರ. ಮೈಸೂರಿನಾಕೆ ಹಿಂದಿನ ವರ್ಷದ ಆಕಾಶಬುಟ್ಟಿಗಳ ಪೆಟ್ಟಿಗೆಯನ್ನೇ ಕೊಟ್ಟಳು, ತನ್ನ ಇಬ್ಬರು ಮಕ್ಕಳನ್ನೂ ಕಳಿಸುವೆನೆಂದಳು. ನಮ್ಮ ಕಡೆ ಅದಕ್ಕೆ ಗೂಡುದೀಪ ಎನ್ನುತ್ತೇವೆ. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ಕಟ್ಟುವಾಗ ಅಂಟು ಹಚ್ಚುವ ಕೆಲಸ ನನ್ನದಾಗಿತ್ತು, ಕೈ ಮರೆತಿರಲಿಲ್ಲ. ಬಣ್ಣದ ಕಾಗದದಲ್ಲಿ ನಾಲ್ಕು ಮಾಡಿದೆ. ಸಾಲದ್ದಕ್ಕೆ ಅರ್ಧ ಬೆಲೆಯ ಅಂಗಡಿಯಲ್ಲಿ ರಮದಾನಿನಲ್ಲಿ ಉಳಿದ ಲಾಟೀನು ಮೂರು ಸಿಕ್ಕಿದವು, ಮೇಲೊಂದು ಚಂದ್ರ. ಹಿಡಿಯಲು ಕೋಲು ಬೇಕಲ್ಲ. ಗ್ರೋಸರಿಯ ಮಲಯಾಳಿಗೆ ಫೋನ್ ಮಾಡಿ ನೆಲ ಒರೆಸುವ ಮಾಪಿನ ಕೋಲು ಹನ್ನೆರಡು ಬೇಕು ಎಂದೆ. ಅವನು, "ಚೇಚಿ, ಮನೆಗೆ ನೀರು ನುಗ್ಗಿತಾ?" ಎಂದು ವಿಚಾರಿಸಿದ.

ಮೂರು ಗಂಟೆಗೆ ಓಮಾ ಬನ್ ತಂದು ತೋರಿಸಿದರು. ಆ ಊರಿನಲ್ಲಿ ಅಂದು ಮಾಡುವ ಸಿಹಿ ಬನ್, ಅದರ ಆಕಾರವೂ ಅರ್ಧಚಂದ್ರ. ರಮದಾನಿನ ಲಾಟೀನಿನ ಮೇಲಿದ್ದ ಚಂದ್ರನ ಪಕ್ಕ ಒಂದು ಬನ್ ಹಿಡಿದು ನೋಡಿ, ತಲೆಯಾಡಿಸಿ, ಆ ಲಾಟೀನನ್ನು ಮೊಮ್ಮಗಳಿಗೆಂದು ಬೇರೆ ತೆಗೆದಿಟ್ಟರು. ಆಮೇಲೆ ಅಂಗಳದ ಸುತ್ತ ಕಣ್ಣಾಡಿಸಿದರು.

"ಮೆಟ್ಟಿಲು ಬೇಕಿತ್ತು," ಎಂದರು ಮೆಲ್ಲಗೆ. ಕೇಳಿದ ಹಾಗೆ ಅಲ್ಲ, ತಮಗೇ ಹೇಳಿಕೊಂಡ ಹಾಗೆ.

ದುಬೈಯ ಮರಳಿನಲ್ಲಿ ದಿಬ್ಬ ಎಲ್ಲಿಂದ ತರುವುದು? ಇದ್ದದ್ದು ನೀರಿನ ಟ್ಯಾಂಕಿಗೆ ಹೋಗುವ ಹೊರಗಿನ ಮೆಟ್ಟಿಲು ಮಾತ್ರ. ಎಣಿಸಿದೆವು. ಹದಿನಾಲ್ಕು.

"ಐದು ಸಲ ಹತ್ತಿದರೆ ಎಪ್ಪತ್ತು," ಎಂದೆ.

ಓಮಾ ನನ್ನನ್ನು ನೋಡಿ ಮೊದಲ ಸಲ ಮನಬಿಚ್ಚಿ ನಕ್ಕರು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲದ್ದು ಆಗ ಗೊತ್ತಾಯಿತು.

ಆರು ಗಂಟೆಗೆ ಕತ್ತಲಾಗಿತ್ತು. ಬಾಯಿಯ ಮನೆಯಿಂದ ಒಂಬತ್ತು ಮಕ್ಕಳು ಸಾಲಾಗಿ ಬಂದರು, ಹಿಂದೆ ಜಪಸರ ಹಿಡಿದು ಬಾಯಿ. ಮೈಸೂರಿನಾಕೆಯ ಇಬ್ಬರು, ಓಮಾರ ಮೊಮ್ಮಗಳು, ಒಟ್ಟು ಹನ್ನೆರಡು. ನನ್ನ ಮಗಳು ತನ್ನ ಕೋಲನ್ನು ಮೇಲಿನಿಂದ ಕೆಳಗೆ ನೋಡಿ, "ಮಮ್ಮಾ, ದಿಸ್ ಈಸ್ ಎ ಮಾಪ್," ಎಂದಳು. ಆ ನಾಲ್ಕು ವರ್ಷದ ಮಗು ಮಾತ್ರ ಲಾಟೀನನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗೇ ನೋಡುತ್ತಾ ನಡೆಯಿತು. ಮುಂದೆ ದಾರಿ ಇದೆಯೆಂಬುದು ಅದಕ್ಕೆ ನೆನಪೇ ಇರಲಿಲ್ಲ.

ಓಮಾ ಒಂದು ಹಾಡು ಹೇಳಿಕೊಟ್ಟರು. ಪದ ಯಾರಿಗೂ ಹಿಡಿಯಲಿಲ್ಲ, ರಾಗ ಹಿಡಿಯಿತು. ಮಿರ್ದಿಫ್‌ನಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ತಲೆಯ ಮೇಲೆ ವಿಮಾನ. ಇಲ್ಲಿಯವರು ಮಾತಿನ ನಡುವೆ ಬಾಯಿ ತೆರೆದೇ ನಿಂತು, ಅದು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಮಕ್ಕಳೂ ಹಾಡನ್ನು ಹಾಗೆಯೇ ಹಾಡಿದರು. ಅಂಗಳದಲ್ಲಿ ಮೂರು ಸುತ್ತು, ಆಮೇಲೆ ಮೆಟ್ಟಿಲು. ಬಾಯಿ ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಜಪಸರದಲ್ಲಿ ಸುತ್ತು ಎಣಿಸಿದರು. "ಒಂದಾಯ್ತು. ತಳ್ಳಬೇಡ ಅವಳನ್ನು. ಎರಡು. ಹೇ, ಕೋಲು ಕಣ್ಣಿಗೆ ತಾಗ್ತದೆ, ಕೆಳಗೆ ಹಿಡಿ. ಮೂರು." ಓಮಾ ಐದೂ ಸಲ ಮೊಮ್ಮಗಳ ಕೈ ಹಿಡಿದು ಹತ್ತಿದರು, ಒಮ್ಮೆಯೂ ಕಂಬಿ ಹಿಡಿಯದೆ. ಮಂಡಿ ನೋವೆಂದು ಹೇಳಿದವಳು ನಾನು ಬಾಯಿಯ ಕಡೆ ನೋಡಲೇ ಇಲ್ಲ.

ಐದನೇ ಸಲ ಮೇಲೆ ನಿಂತಾಗ ಓಮಾ ಮಗುವಿನ ಲಾಟೀನನ್ನು ತಮ್ಮ ಲಾಟೀನಿಗೆ ಮೆಲ್ಲನೆ ತಾಗಿಸಿದರು. ಬ್ಯಾಟರಿಯ ದೀಪ, ಹೊತ್ತಿಕೊಳ್ಳುವುದಾದರೂ ಹೇಗೆ. ಇನ್ನೊಮ್ಮೆ ತಾಗಿಸಿದರು. ಮಗು ನಗತೊಡಗಿತು, ಮತ್ತೆ ಮತ್ತೆ ತಾಗಿಸು ಎಂದಿತು. ಓಮಾ ಏಪ್ರನ್ನಿನ ತುದಿಯಲ್ಲಿ ಮೂಗು ಒರೆಸಿಕೊಂಡದ್ದನ್ನು ನಾನು ಕೆಳಗಿನಿಂದ ನೋಡಿದೆ.

ಎಲ್ಲವೂ ಅಲ್ಲಿಗೆ ಮುಗಿದಿದ್ದರೆ ನಾನು ಗೆದ್ದಿದ್ದೆ. ಬನ್ ಹಂಚುತ್ತಿರುವಾಗ ನಾತೂರ್ ಬಂದ. ಇಸ್ತ್ರಿ ಮಾಡಿದ ಬಿಳಿ ಶಲ್ವಾರ್ ಕಮೀಜ್, ಗಡ್ಡಕ್ಕೆ ಅತ್ತರು, ಕೈಯಲ್ಲಿ ರಿಬ್ಬನ್ ಕಟ್ಟಿದ ಖರ್ಜೂರದ ಪೆಟ್ಟಿಗೆ. ಹತ್ತಿರದಲ್ಲಿ ಕುರ್ಚಿಯ ಮೇಲೆ ಕುಳಿತ ಹಿರಿಯರು ಎಂದರೆ ಬಾಯಿ ಒಬ್ಬರೇ. ನೇರ ಅವರ ಬಳಿಗೇ ಹೋದ.

"ಮಾಜೀ, ಬರ್ತ್‌ಡೇವಾಲೆ ಬುಜುರ್ಗ್ ಕಿಧರ್ ಹೈ?"

ನಾನು ಬನ್ನಿನ ತಟ್ಟೆ ಹಿಡಿದು ಆಕಾಶ ನೋಡಿದೆ. ವಿಮಾನವಾದರೂ ಬರಬಾರದಿತ್ತೇ. ಬೇಕಾದಾಗ ಒಂದೂ ಬರಲಿಲ್ಲ.

ಬಾಯಿ ಅವನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕೊನೆಗೆ ನನ್ನನ್ನು. ನರ ಸಿಕ್ಕಿದ ನೋಟ ಅದು. "ಜರ್ಮನಿಯ ಬುಜುರ್ಗಾ?" ಎಂದರು ತಮ್ಮ ಆಸ್ಪತ್ರೆಯ ಹಿಂದಿಯಲ್ಲಿ. "ಓ ನಹೀ ಆಯಾ. ಬಹುತ್ ದೂರ್ ಹೈ. ಮುಝೆ ದೇ ದೋ." ಪೆಟ್ಟಿಗೆಯನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನಾತೂರ್ ಸಲಾಂ ಹೇಳಿ, ಎರಡು ಬನ್ ತಿಂದು, ಎಂಟಕ್ಕೆ ಐದು ನಿಮಿಷವಿದೆ ಎಂದು ನೆನಪಿಸಿ ಹೋದ.

ಮಕ್ಕಳು ಮನೆಗೆ ಹೋದರು. ಓಮಾ ಮಲಗಿದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನನ್ನ ಬಳಿ ನಿಂತರು. ನನ್ನ ಕೆನ್ನೆಗೆ ಬನ್ನಿನ ಸಕ್ಕರೆ ಮೆತ್ತಿದ ಕೈ ಇಟ್ಟು ಒಳಗೆ ಹೋದರು. ಅಂಗಳದಲ್ಲಿ ಉಳಿದವರು ಬಾಯಿ ಮತ್ತು ನಾನು ಇಬ್ಬರೇ. ನಾನು ಮಾಪಿನ ಕೋಲುಗಳನ್ನು ಕಟ್ಟು ಕಟ್ಟುವ ನೆವದಲ್ಲಿ ಬಗ್ಗಿಯೇ ಇದ್ದೆ. ಬೈಗುಳ ಬೆನ್ನಿನ ಮೇಲೆ ಬೀಳಲಿ ಎಂದು.

ಹಿಂದೆ ಪೆಟ್ಟಿಗೆಯ ರಿಬ್ಬನ್ ಬಿಚ್ಚಿದ ಸದ್ದು. ಬಾಯಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ತೆಗೆದು, ಕುರ್ಚಿಯಿಂದ ಎದ್ದರು.

"ಮಧ್ಯಾಹ್ನ ಟ್ಯಾಬ್‌ನಲ್ಲಿ ಎಲ್ಲ ಓದಿದೆ ನಾನು. ಇವತ್ತು ಆ ಸನ್ಯಾಸಿಯದ್ದು ಮುಗೀತಲ್ಲ," ಎಂದರು ಮನೆ ಕಡೆ ತಿರುಗುತ್ತಾ. "ನಾಳೆ ನಮ್ಮ ಸಂತರದ್ದು ಎಷ್ಟು ಗಂಟೆಗೆ ಮಾರಾಯ್ತಿ?"